ಪಂಚಮಿಯ ಪಾಲು: ಸೊಸೆ ತಂದ ಮನೆಗಳಿಗೊಂದು ಬಹಿರಂಗ ಪತ್ರ

ಸಾರವಾಡ
ಕಾರ ಹುಣ್ಣಿಮೆ, 29 ಜೂನ್ 2026

ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಸೊಸೆ ತಂದು ಮನೆ ತುಂಬಿಸಿಕೊಂಡ ಎಲ್ಲ ತಾಯಂದಿರೇ, ತಂದೆಯಂದಿರೇ,

ಇವತ್ತು ಕಾರ ಹುಣ್ಣಿಮೆ. ನಮ್ಮ ಓಣಿಯಲ್ಲಿ ಬೆಳಗಿನಿಂದ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತಿದ್ದಾರೆ. ಇವತ್ತಿನಿಂದ ಸರಿಯಾಗಿ ಏಳು ವಾರಕ್ಕೆ, ಆಗಸ್ಟ್ 17ರ ಸೋಮವಾರ, ನಾಗರ ಪಂಚಮಿ. ಎತ್ತಿನ ಹಬ್ಬದ ದಿನ ಪಂಚಮಿಯ ಮಾತೇಕೆ ಎನ್ನಬೇಡಿ. ಹಬ್ಬಕ್ಕೆ ಯಾರು ಎಲ್ಲಿಗೆ ಹೋಗಬೇಕು ಎಂಬುದು ನಮ್ಮ ಮನೆಗಳಲ್ಲಿ ಹಬ್ಬ ನಾಲ್ಕು ದಿನ ಇರುವಾಗ, ಫೋನಿನಲ್ಲಿ, ಅರ್ಧ ಮಾತಿನಲ್ಲಿ ತೀರ್ಮಾನವಾಗುತ್ತದೆ. ಹಾಗೆ ತೀರ್ಮಾನವಾದಾಗಲೆಲ್ಲ ಸೋಲುವುದು ಸೊಸೆಯ ತವರು. ಅದಕ್ಕೇ ಏಳು ವಾರ ಮೊದಲೇ ನಿಮ್ಮ ಮುಂದೆ ಕೈಮುಗಿದು ಕೂತಿದ್ದೇನೆ.

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಸಾರವಾಡ ನನ್ನ ಗಂಡನ ಊರು. ತವರು ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಒಂದು ಕನ್ನಡ ಹಳ್ಳಿ. ನಮ್ಮ ಡೋಣಿ ಹೊಳೆ ಹುಟ್ಟುವುದು ಆ ಜತ್ತದ ಕಡೆಯೇ. ಹೊಸದಾಗಿ ಮದುವೆಯಾಗಿ ಬಂದಾಗ ಹೊಳೆಗೆ ಹೊಸ ನೀರು ಬಂತೆಂದರೆ ತವರಿನಲ್ಲಿ ಮಳೆಯಾಗಿದೆ ಎಂದು ತಿಳಿದುಕೊಂಡು ದಂಡೆಗೆ ಹೋಗಿ ನಿಲ್ಲುತ್ತಿದ್ದೆ. ನೀರು ನನ್ನ ತವರಿನಿಂದ ಗಂಡನ ಮನೆಗೆ ಬರುತ್ತಿತ್ತು. ತಿರುಗಿ ಹೋಗುವ ದಾರಿ ಅದಕ್ಕೂ ಇರಲಿಲ್ಲ.

ಮದುವೆಯಾದ ಎರಡನೆಯ ವರ್ಷದ ಮಾತು. ಪಂಚಮಿಯ ರೊಟ್ಟಿ ಹಬ್ಬದ ಹಿಂದಿನ ದಿನ ಅಣ್ಣ ನನ್ನನ್ನು ಕರೆಯಲು ಬಂದ. ಎರಡು ಬಸ್ಸು ಬದಲಿಸಿ, ಕೆಸರಿನಲ್ಲಿ ನಡೆದು ಬಂದಿದ್ದ. ಕಪ್ಪು ಮಣ್ಣು ಅವನ ಚಪ್ಪಲಿಗೆ ಗೇಣುದ್ದ ಮೆತ್ತಿಕೊಂಡಿತ್ತು. ಅತ್ತೆಯವರು ಅಡುಗೆಮನೆಯಿಂದಲೇ ಹೇಳಿದರು: "ಎಮ್ಮಿ ಈದು ನಾಕ ದಿನಾ ಆಗೇತಿ ತಮ್ಮಾ. ಮನ್ಯಾಗ ಮಾಡಾವ್ರು ಯಾರೂ ಇಲ್ಲ. ಈ ಸಲ ಆಗೂದಿಲ್ಲ. ಮುಂದ ನೋಡೂಣು." ಅಣ್ಣ ಮರುಮಾತಾಡಲಿಲ್ಲ. ಹೆಣ್ಣು ಕೊಟ್ಟವರು ಮರುಮಾತಾಡುವ ಕಾಲ ಅದಾಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಚಹಾ ಕುಡಿದ, ಕೈಚೀಲದಲ್ಲಿದ್ದ ಸೀರೆ ನನ್ನ ಕೈಗಿಟ್ಟ, "ಅವ್ವಗ ಏನರ ಹೇಳ್ಲೇನು?" ಎಂದು ಕೇಳಿದ. ಏನೂ ಇಲ್ಲ ಎಂದೆ.

ದಸರೆಯ ಮುಂದೆ ತವರಿಗೆ ಹೋದಾಗ ಅವ್ವ ನೆಲುವಿನ ಮೇಲಿಂದ ಒಂದು ಸಣ್ಣ ಗಡಿಗೆ ಇಳಿಸಿದಳು. ಅದರಲ್ಲಿ ಪಂಚಮಿಯ ಉಂಡಿಗಳಿದ್ದವು, ನನ್ನ ಪಾಲಿನವು. ಎಳ್ಳಿನವು ಎರಡು, ಶೇಂಗಾದವು ಎರಡು, ತಂಬಿಟ್ಟಿನದು ಒಂದು. ಎರಡು ತಿಂಗಳಾಗಿತ್ತು. ಎಳ್ಳುಂಡಿ ಕಲ್ಲಾಗಿತ್ತು, ಶೇಂಗಾದ್ದು ಕಮಟು ಹಿಡಿದಿತ್ತು. ಅವ್ವ ಅವನ್ನು ಒರಳಿಗೆ ಹಾಕಿ ಕುಟ್ಟಿ, ಹೊಸ ಬೆಲ್ಲ ಬೆರೆಸಿ, ಮತ್ತೆ ಉಂಡಿ ಕಟ್ಟಿ ಕೈಗಿಟ್ಟಳು. ಅವಳೆದುರಿಗೇ ಕೂತು ಒಂದನ್ನೂ ಬಿಡದೆ ತಿಂದೆ. ಆ ಕಮಟು ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಅತ್ತೆಯವರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಅವರನ್ನೂ ಅವರ ಅತ್ತೆ ಕಳಿಸಿರಲಿಲ್ಲ. ಹೀಗೇ ಕೈಯಿಂದ ಕೈಗೆ ದಾಟಿ ಬಂದದ್ದು ನನ್ನ ಕೈಗೂ ಬಂತು. ಅದನ್ನು ನಾನು ಏನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹಿರಿಯರು ಪಂಚಮಿಯನ್ನು ಹೆಣ್ಣುಮಕ್ಕಳ ಹಬ್ಬ ಎಂದು ಬಿಟ್ಟುಕೊಟ್ಟದ್ದಕ್ಕೆ ಕಾರಣವಿತ್ತು. ಡೋಣಿ ಸಾಲಿನದು ಎರೆ ಭೂಮಿ. ಮುಂಗಾರಿನಲ್ಲಿ ಹೊಲವನ್ನು ಹರಗಿ ಹದ ಮಾಡಿ ಬಿಟ್ಟು, ಹಿಂಗಾರಿಗೆ ಬಿಳಿಜೋಳ ಬಿತ್ತುವ ಸೀಮೆ ಇದು. ಡೋಣಿ ಬೆಳೆದರ ಓಣೆಲ್ಲ ಜ್ವಾಳ ಎಂದು ಹಾಡಿ ಹೊಗಳುವ ಆ ಜೋಳವನ್ನು ಶ್ರಾವಣದಲ್ಲಿ ಇನ್ನೂ ಬಿತ್ತಿರುವುದಿಲ್ಲ. ಕಳೆ ಇಲ್ಲ, ಕೊಯ್ಲಿಲ್ಲ, ರಾಶಿ ಇಲ್ಲ. ವರ್ಷದಲ್ಲಿ ಹೆಂಗಸಿನ ಕೈ ತುಸು ಬಿಡುವಾಗುವುದು ಅದೊಂದೇ ಕಾಲ. ಅಣ್ಣನೋ ತಮ್ಮನೋ ಬಂದು ಕರೆದರೆ ಹೊಲ ಬಡವಾಗುವುದಿಲ್ಲ ಎಂದು ಗೊತ್ತಿದ್ದೇ ಹಿರಿಯರು ಈ ಹಬ್ಬವನ್ನು ತವರಿಗೆ ಬರೆದುಕೊಟ್ಟರು.

ಉಳಿದ ಹಬ್ಬಗಳನ್ನು ಒಮ್ಮೆ ಎಣಿಸಿ ನೋಡಿ. ಯುಗಾದಿ, ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಮಹಾನವಮಿಯ ಬನ್ನಿ, ಸೀಗಿ ಹುಣ್ಣಿಮೆ, ದೀಪಾವಳಿಯ ಲಕ್ಷ್ಮಿ, ಎಳ್ಳ ಅಮಾವಾಸ್ಯೆಯ ಚರಗ, ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಇವೆಲ್ಲವೂ ಗಂಡನ ಮನೆಯ ಹೊಸ್ತಿಲಿಗೆ, ಗಂಡನ ಮನೆಯ ಹೊಲಕ್ಕೆ, ಗಂಡನ ಮನೆಯ ಎತ್ತಿಗೆ ಸೇರಿದವು. ಮೊದಲ ದೀಪಾವಳಿಗೆ ಅಳಿಯನನ್ನು ಕರೆಯುತ್ತಾರೆ ನಿಜ, ಆದರೆ ಅದು ಅಳಿಯನ ಹಬ್ಬ. ಹೆಣ್ಣಿನ ಪಾಲಿಗೆ ಅಂತ ಉಳಿದದ್ದು ಪಂಚಮಿಯ ಮೂರು ದಿನ. ರೊಟ್ಟಿ ಹಬ್ಬ, ಚೌತಿ, ಪಂಚಮಿ. ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ, ಕೈಗೆ ಗೋರಂಟಿ, ಮನೆಮನೆಗೆ ಹಂಚುವ ಕಡಕ್ ರೊಟ್ಟಿ. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡಿಕೊಂಡ ಹಾಡುಗಳವು. ಆ ಪುಸ್ತಕವನ್ನು ಎಲ್ಲಿ ತೆರೆದರೂ ಒಂದಲ್ಲ ಒಂದು ಪುಟದಲ್ಲಿ ತವರು ಸಿಗುತ್ತದೆ. ಹೊಟ್ಟೆ ತುಂಬ ನೆನೆದು ಹಾಡಿದವರು ಅವರು. ಹೋಗಿ ಬರಲು ಬಿಟ್ಟಿದ್ದರೆ ಅಷ್ಟು ಹಾಡು ಬೇಕಾಗುತ್ತಿರಲಿಲ್ಲವೇನೋ.

ಚೌತಿಯ ದಿನ ಹಾಲೆರೆಯುವುದನ್ನು ನೀವೆಲ್ಲ ನೋಡಿದ್ದೀರಿ. ಒಣಕೊಬ್ಬರಿಯ ಬಟ್ಟಲಲ್ಲಿ ಬೆಲ್ಲವಿಟ್ಟು, ಹಾಲಿನಲ್ಲಿ ಅದ್ದಿ, ಮಣ್ಣಿನ ನಾಗಪ್ಪನ ಮೇಲೆ ಹನಿಹನಿಯಾಗಿ ಬಿಡುತ್ತ ಹೇಳುತ್ತೇವೆ: "ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಮ್ಮನ ಪಾಲು..." ಮನೆಯ ಒಬ್ಬೊಬ್ಬರ ಹೆಸರಿಗೂ ಒಂದೊಂದು ಹನಿ. ತಪ್ಪಿ ಯಾರದಾದರೂ ಉಳಿದರೆ ಅವ್ವ ನೆನಪು ಮಾಡಿಕೊಡುತ್ತಾಳೆ. ಎಲ್ಲರ ಪಾಲನ್ನೂ ನೆನೆಯುವ ಆ ಹೆಣ್ಣಿನ ಪಾಲು ಯಾವುದು? ಈ ಪತ್ರ ಇರುವುದು ಅದರ ಸಲುವಾಗಿಯೇ.

ಈಗ ಕಾಲ ಬದಲಾಗಿದೆ. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾನೆ, ಸೊಸೆಯೂ ದುಡಿಯುತ್ತಾಳೆ. ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿ ತೆಗೆದು ನೋಡಿ. 2025ರ ಪಟ್ಟಿಯಲ್ಲಿ ಪಂಚಮಿ ಇಲ್ಲ. ಆ ವರ್ಷ ಪಂಚಮಿ ಬಂದದ್ದು ಜುಲೈ 29, ಮಂಗಳವಾರ. ವಾರದ ನಡುವಿನ ಆ ಮಂಗಳವಾರಕ್ಕೆ ನೂರಾರು ಕಿಲೋಮೀಟರ್ ದಾರಿ ಹಿಡಿದು ಯಾವ ಹುಡುಗಿ ಬಂದಾಳು? ಹೀಗೆ ಪಂಚಮಿ ಸದ್ದಿಲ್ಲದೆ ಕೈತಪ್ಪಿತು. ದುಡಿಯುವ ಮಕ್ಕಳಿಗೆ ಒಟ್ಟಿಗೆ ನಾಲ್ಕು ದಿನ ಸಿಗುವುದು ಈಗ ಡಿಸೆಂಬರ್ ಕೊನೆಗೆ, ಕ್ರಿಸ್‌ಮಸ್ ರಜೆಯಲ್ಲಿ. ಪಟ್ಟಣದ ಎಷ್ಟೋ ಶಾಲೆಗಳಿಗೂ ಆಗ ಬಿಡುವು. ಪಂಚಮಿಯಲ್ಲಿ ಕಳೆದುಕೊಂಡದ್ದನ್ನು ಹೆಣ್ಣುಮಕ್ಕಳು ಆ ವಾರದಲ್ಲಾದರೂ ತುಂಬಿಕೊಳ್ಳಬಹುದಿತ್ತು. ಅದನ್ನೂ ನಾವೇ ತೆಗೆದುಕೊಂಡೆವು. ಯಾಕೆಂದರೆ ಎಳ್ಳ ಅಮಾವಾಸ್ಯೆ ಆ ಆಸುಪಾಸಿನಲ್ಲೇ ಬರುತ್ತದೆ. 2024ರಲ್ಲಿ ಡಿಸೆಂಬರ್ 30, 2025ರಲ್ಲಿ ಡಿಸೆಂಬರ್ 19. ಜೋಳ ಹೊಡೆ ಬಿಟ್ಟು ನಿಂತಿರುತ್ತದೆ. ಭೂತಾಯಿಗೆ ಚರಗ ಚೆಲ್ಲಲು ಮಗ-ಸೊಸೆ-ಮೊಮ್ಮಕ್ಕಳು ಹೊಲದಲ್ಲಿರಬೇಕು ಎಂದು ನಮ್ಮ ಜೀವ ಬಯಸುತ್ತದೆ. ಸಜ್ಜಿ ರೊಟ್ಟಿ, ಪುಂಡಿ ಪಲ್ಯೆ, ಶೇಂಗಾ ಹೋಳಿಗಿ ಕಟ್ಟಿಕೊಂಡು ಬನ್ನಿ ಗಿಡದ ಬುಡಕ್ಕೆ ಕೂರುವ ಆ ಸುಖ ನನಗೂ ಗೊತ್ತು. ಅದನ್ನು ಬೇಡ ಎನ್ನುವಷ್ಟು ಗಟ್ಟಿಗಿತ್ತಿ ನಾನಲ್ಲ.

ನನ್ನ ಜೊತೆ ಕೆಲಸ ಮಾಡಿದ ಶಿಕ್ಷಕಿಯೊಬ್ಬರು ಗುಳೇದಗುಡ್ಡದ ಕಡೆಯವರು. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾದ ನೇಕಾರ ಮನೆತನ. ಡಿಸೆಂಬರ್ ಬಂತೆಂದರೆ ನಾನು ಅವರನ್ನು ಕೇಳುತ್ತಿದ್ದೆ, ಈ ಸಲ ಹಬ್ಬ ಎಲ್ಲಿ ಎಂದು. ಅವರು ತಡೆಯದೆ ಹೇಳುತ್ತಿದ್ದರು. ನನಗೆ ಆಶ್ಚರ್ಯ. ನಮ್ಮಲ್ಲಿ ಹಬ್ಬದ ಹಿಂದಿನ ದಿನದವರೆಗೂ ತೀರದ ಮಾತು ಇವರಿಗೆ ಇಷ್ಟು ಸಲೀಸು ಹೇಗೆ? ಒಂದು ದಿನ ಕೇಳಿಯೇಬಿಟ್ಟೆ. "ನಮ್ಮಲ್ಲೂ ಮೊದಲ ಜಗಳ ಇತ್ತ್ರಿ ಅಕ್ಕೋರ. ಲಗ್ನಾದ ವರ್ಷ ಎರಡೂ ಮನಿ ಹಿರ್‍ಯಾರು ಕೂತು ಪಾಳಿ ಮಾಡಿದ್ರು. ಒಂದ ವರ್ಷ ಕ್ರಿಸ್‌ಮಸ್‌ಗೆ ಇವರ ಮನಿ, ಒಂದ ವರ್ಷ ನಮ್ಮ ಮನಿ. ಯಾರಿಗರ ಆರಾಮ ಇಲ್ಲಂದ್ರ ಪಾಳಿ ಅದಲ ಬದಲ. ಹೊಸಾ ಕ್ಯಾಲೆಂಡರ್ ತಂದ ದಿನಾನ ಕೆಂಪ ಪೆನ್ನಿನಾಗ ಬರದ ಬಿಡ್ತೇನಿ. ಕೇಳೂದೂ ಇಲ್ಲ, ಅನ್ನಿಸ್ಕೊಳ್ಳೂದೂ ಇಲ್ಲ." ಆ ಕೊನೆಯ ಮಾತನ್ನು ನಾನು ಮರೆತಿಲ್ಲ. ಕೇಳುವುದೂ ಇಲ್ಲ, ಅನ್ನಿಸಿಕೊಳ್ಳುವುದೂ ಇಲ್ಲ.

ಇಷ್ಟು ತಿಳಿದಿದ್ದೂ ನನ್ನ ಮನೆಯಲ್ಲಿ ನಾನೇನು ಮಾಡಿದೆ, ಕೇಳಿ.

ನನ್ನ ಸೊಸೆಯ ತವರು ಬಾಗಲಕೋಟೆ ಹತ್ತಿರ. ಅವರ ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಈಗಿರುವುದು ಪುನರ್ವಸತಿ ಕೇಂದ್ರದ ಮನೆ. ಅವಳು ಹುಟ್ಟಿ ಆಡಿದ ಬೇವಿನ ಗಿಡ, ಜೋಕಾಲಿ ಕಟ್ಟುತ್ತಿದ್ದ ಟೊಂಗೆ, ಎಲ್ಲವೂ ನೀರಿನ ಕೆಳಗೆ. ಅಪ್ಪ-ಅವ್ವನಿಗೆ ಅವಳೊಬ್ಬಳೇ ಮಗಳು. ಮಗ-ಸೊಸೆ ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬರುತ್ತಾರೆ. ಹುಬ್ಬಳ್ಳಿ, ಗದಗ ದಾಟಿದ ಮೇಲೆ ಬಾಗಲಕೋಟೆ ಮೊದಲು ಸಿಗುತ್ತದೆ, ವಿಜಯಪುರ ಆಮೇಲೆ. ಪ್ರತಿ ಸಲವೂ ಆ ಹುಡುಗಿ ತನ್ನ ತವರಿನ ಸ್ಟೇಷನ್ನಿನಲ್ಲಿ ಗಾಡಿ ನಿಂತು ಹೊರಡುವುದನ್ನು ಕಿಟಕಿಯಲ್ಲಿ ನೋಡುತ್ತ, ತವರೂರನ್ನು ನುಂಗಿದ ನೀರನ್ನು ದಾಟಿ, ನನ್ನ ಮನೆಗೆ ಬರುತ್ತಿದ್ದಳು. ಎಷ್ಟೋ ವರ್ಷ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹೋದ ವರ್ಷ ಜುಲೈನಲ್ಲಿ ಬೀಗರು ಫೋನ್ ಮಾಡಿದರು. ನನಗಿಂತ ಹಿರಿಯರು, ನಾಲ್ಕು ಜನರಲ್ಲಿ ಗೌರವ ಇರುವವರು. ಕ್ಷೇಮ ಕೇಳಿದರು, ಮಳೆ ಕೇಳಿದರು, ಆಮೇಲೆ ತುಸು ತಡೆದು ಹೇಳಿದರು: "ಬೀಗತಿಯವರ, ಪಂಚಮಿಗೆ ಪಾಪುನ ಕರಕೊಂಡು ಒಂದ ದಿನಾ ಬಂದು ಹೋಗ್ಲೇನ್ರಿ ನಮ್ಮ ಹುಡುಗಿ?" ನಾನು ಹೇಳಿದೆ: "ನನ್ನ ಕೇಳೂದೇನೈತ್ರಿ ಅದರಾಗ. ಅವರಿಗೆ ರಜಾ ಸಿಕ್ಕರ ಹೋಗಿ ಬರ್ಲಿ." ಮಾತು ಮೆತ್ತಗಿತ್ತು. ಆದರೆ ಮಂಗಳವಾರಕ್ಕೆ ರಜೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಇದ್ದ ರಜೆಯನ್ನು ಎಳ್ಳ ಅಮಾವಾಸ್ಯೆಗೆ ಎತ್ತಿಟ್ಟುಕೊಳ್ಳಿ ಎಂದು ಮಗನಿಗೆ ಮೊದಲೇ ಹೇಳಿದ್ದವಳೂ ನಾನೇ. ನನ್ನ ಅತ್ತೆಯವರು "ಆಗೂದಿಲ್ಲ" ಎಂದು ನೇರ ಹೇಳಿದ್ದರು. ನಾನು ಸಿಹಿ ಮಾತಿನಲ್ಲಿ ಅದನ್ನೇ ಹೇಳಿದೆ. ಬೀಗರು "ಆಗ್ಲೆವಾ, ಆಗ್ಲಿ" ಎಂದು ಫೋನಿಟ್ಟರು.

ಆಮೇಲೆ ಈ ಜನವರಿ ಬಂತು. ನಮ್ಮ ಮನೆಯಲ್ಲಿ ಎಮ್ಮೆ ಮಾರಿ ಬಹಳ ವರ್ಷವಾಯಿತು, ಹಾಲು ಕೊಳ್ಳುತ್ತೇವೆ. ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ. ದಿನಾ ಅರ್ಧ ಲೀಟರಿಗೆ ಒಂದು ಗೀಟು, ಮಕ್ಕಳು ಬಂದ ದಿನ ಮೂರು ಗೀಟು. ಹಳೆಯ ಕ್ಯಾಲೆಂಡರನ್ನು ತೆಗೆಯದೆ ಅದರ ಮೇಲೇ ಹೊಸದನ್ನು ತೂಗುಹಾಕುವುದು ನನ್ನ ರೂಢಿ. ಒಂದು ದಿನ ಮೊಳೆ ಸಡಿಲಾಗಿ ಎಲ್ಲವೂ ಒಟ್ಟಿಗೆ ಕೆಳಗೆ ಬಿದ್ದವು. ಎತ್ತಿಕೊಂಡು ಸುಮ್ಮನೆ ಹಾಳೆ ತಿರುವಿದೆ. ಮೂರು ಗೀಟಿನ ದಿನಗಳು ಕಣ್ಣಿಗೆ ಬಿದ್ದವು. ಎಣಿಸಿದೆ. ಐದು ವರ್ಷದಲ್ಲಿ ನಲವತ್ತಮೂರು ದಿನ. ಸಂಜೆ ಸೊಸೆಗೆ ಫೋನ್ ಮಾಡಿ, ಯಾಕೆ ಏನು ಎಂದು ಹೇಳದೆ, ಐದು ವರ್ಷದಲ್ಲಿ ಅಪ್ಪನ ಮನೆಯಲ್ಲಿ ಎಷ್ಟು ದಿನ ಇದ್ದಿ ಎಂದು ಕೇಳಿದೆ. ಅವಳು ಎಣಿಸಬೇಕಾಗಲಿಲ್ಲ. "ಹನ್ನೊಂದು, ಅತ್ತಿ" ಎಂದಳು. ಬಾಯಲ್ಲಿ ಸಿದ್ಧವಾಗಿತ್ತು ಆ ಲೆಕ್ಕ.

ಅವತ್ತು ರಾತ್ರಿ ಅವ್ವನ ಗಡಿಗೆ ನೆನಪಾಯಿತು. ಬಾಗಲಕೋಟೆಯ ಆ ಮನೆಯಲ್ಲಿ ಎಷ್ಟು ಪಂಚಮಿಯ ಉಂಡಿ ಡಬ್ಬಿಯಲ್ಲೇ ಕಮಟಾದವೋ ಏನೋ ಎಂದು ನಿದ್ದೆ ಬರಲಿಲ್ಲ.

ನೀವು ಏನು ಹೇಳುತ್ತೀರಿ ಎಂಬುದೂ ನನಗೆ ಗೊತ್ತು. ಅವನ್ನೆಲ್ಲ ನಾನೂ ಹೇಳಿದವಳೇ.

ಹಬ್ಬದ ದಿನ ಸೊಸೆ ಇಲ್ಲದೆ ಮನೆ ಬಣಬಣ ಎನ್ನುತ್ತದೆ ಎನ್ನುತ್ತೀರಿ. ಸರಿ. ಆದರೆ ಪಂಚಮಿಗೆ ನಿಮ್ಮ ಮಗಳು ಬರಲಿ ಎಂದು ನೀವು ಬಾಗಿಲು ನೋಡುವುದಿಲ್ಲವೇ? ಅವಳು ಬರಬೇಕಾದರೆ ಇನ್ನೊಂದು ಮನೆ ತನ್ನ ಸೊಸೆಯನ್ನು ಬಿಡಬೇಕು. ಒಬ್ಬರು ಬಿಗಿ ಹಿಡಿದರೆ ಇಡೀ ಸಾಲು ನಿಲ್ಲುತ್ತದೆ. ಮಗಳಿಲ್ಲದ ಮನೆ ನನ್ನದೂ ಹೌದು. ಆ ಮೂರು ದಿನ ನಾನು ಮತ್ತು ನಮ್ಮ ಯಜಮಾನರು ಇಬ್ಬರೇ ಉಂಡಿ ಕಟ್ಟುತ್ತೇವೆ. ಅವರಿಗೆ ಪಾಕದ ಹದ ಕಲಿಸಿದ್ದೇನೆ.

ದಿನಾ ವಿಡಿಯೊ ಕಾಲ್‌ನಲ್ಲಿ ಮುಖ ನೋಡುತ್ತಾರಲ್ಲ ಎನ್ನುತ್ತೀರಿ. ಹಾಗಾದರೆ ನಮ್ಮ ಎಳ್ಳ ಅಮಾವಾಸ್ಯೆಯ ಚರಗವನ್ನೂ ವಿಡಿಯೊ ಕಾಲ್‌ನಲ್ಲಿ ಚೆಲ್ಲೋಣವೇ? ನಮಗೆ ಒಪ್ಪದ್ದು ಅವರಿಗೆ ಹೇಗೆ ಒಪ್ಪೀತು?

ಹೋಗಿ ಬರುವ ಖರ್ಚು ಎನ್ನುತ್ತೀರಿ. ಊರಲ್ಲೇ ಇರುವ ಸೊಸೆಯಂದಿರ ಮಟ್ಟಿಗೆ ಆ ಮಾತು 2023ರ ಜೂನ್ 11ಕ್ಕೆ ಮುಗಿಯಿತು. ಶಕ್ತಿ ಯೋಜನೆ ಬಂದ ದಿನದಿಂದ ಆಧಾರ್ ತೋರಿಸಿದರೆ ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್. ಗಡಿಯಾಚೆಯ ತವರಿನವರಿಗೆ ಅದೇ ವರ್ಷ ಮಾರ್ಚ್‌ನಿಂದ ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಅರ್ಧ ಟಿಕೆಟ್. ಅಣ್ಣ ಬಂದು ಕರೆಯಬೇಕು ಎಂದೂ ಇಲ್ಲ, ಹುಡುಗಿ ತಾನೇ ಹೋಗಿ ಬರುತ್ತಾಳೆ. ಬಸ್ಸಿನವರು ಟಿಕೆಟ್ ಬಿಟ್ಟರು. ನಾವು ಅಪ್ಪಣೆಯನ್ನು ಬಿಟ್ಟಿಲ್ಲ.

ಖರ್ಚಿನ ಮಾತು ಬಂತು, ಇದನ್ನು ಬಿಗಿಯಾಗಿಯೇ ಹೇಳುತ್ತೇನೆ. ಸೊಸೆ ತವರಿಗೆ ಹೋಗಿ ಬಂದಾಗ ಅವಳ ಚೀಲ ನೋಡಬೇಡಿ. ಎಷ್ಟು ಸೀರೆ ಬಂತು, ಎಷ್ಟು ಬುಟ್ಟಿ ಉಂಡಿ ಬಂತು, ಅಳಿಯನಿಗೆ ಏನು ಕೊಟ್ಟರು ಎಂದು ಕೇಳಬೇಡಿ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕಮಾಸ ಬಂದು ಹೋಯಿತು. ಆ ತಿಂಗಳು ಅಳಿಯನನ್ನು ಕರೆದು ಮಾಡುವ ಸನ್ಮಾನಕ್ಕೆ ಎಷ್ಟೋ ಮನೆಗಳವರು ಸಾಲ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಮಗಳನ್ನು ಕರೆದರೆ ಮತ್ತೆ ಖರ್ಚಿಗೆ ಬೀಳುತ್ತೇವೆ ಎಂಬ ಭಯಕ್ಕೆ ಕರೆಯುವುದನ್ನೇ ಬಿಟ್ಟ ತಂದೆ-ತಾಯಿ ಇದ್ದಾರೆ. ಅವರಿಗೆ ನೀವೇ ಹೇಳಿ ಕಳಿಸಿ, ಏನೂ ಬೇಡ, ಹುಡುಗಿ ಬಂದು ನಾಲ್ಕು ದಿನ ಉಂಡು ಹೋದರೆ ಸಾಕು ಎಂದು.

ಇನ್ನು ಹೆಣ್ಣುಮಕ್ಕಳ ಅಣ್ಣ-ತಮ್ಮಂದಿರಿಗೆ, ಅವರ ಹೆಂಡಂದಿರಿಗೆ ಒಂದು ಮಾತು. ಗಂಡನ ಮನೆ ಕಳಿಸಿದರೂ ತವರಿನ ಬಾಗಿಲು ಮುಚ್ಚಿದ್ದರೆ ಏನು ಬಂತು? ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲಿ ಕಾಯ್ದೆ ಮಾಡಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ಅಂದಿನಿಂದ ಎಷ್ಟೋ ತವರುಗಳಲ್ಲಿ ತಂಗಿ ಬಂದಳೆಂದರೆ ಪಾಲು ಕೇಳಲು ಬಂದಳೇನೋ ಎಂಬ ಅನುಮಾನ. ನನಗೆ ಗೊತ್ತಿರುವ ಎಷ್ಟೋ ಹೆಂಗಸರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಾರೆ. ಒಬ್ಬರೂ ಹೊಲ ಬೇಡವಾಗಿ ಹಾಕಿದ್ದಲ್ಲ, ವರ್ಷಕ್ಕೊಮ್ಮೆ ಹೋಗಲು ಒಂದು ಬಾಗಿಲು ಉಳಿಯಲಿ ಎಂದು ಹಾಕಿದ್ದು. ಹಾಗೆ ಸಹಿ ಹಾಕಿದವಳನ್ನು ಪಂಚಮಿಗೆ ಕರೆಯದ ಅಣ್ಣನಿಗೆ, ಚೌತಿಯ ದಿನ ಅವಳು ಎಲ್ಲೋ ಕೂತು ಅವನ ಹೆಸರು ಹೇಳಿ ಎರೆಯುವ ಆ ಒಂದು ಹನಿ ಹಾಲು ನೆನಪಿರಲಿ. ಪಾಲು ಕೊಡುವುದು ಕಾನೂನಿನ ಮಾತು, ಕೊಡಬೇಕು. ಕೊಟ್ಟ ಮೇಲೂ ಕೊಡದಿದ್ದರೂ ಕರೆಯುವುದು ಮಾತ್ರ ನಿಲ್ಲಬಾರದು.

ತಂದೆ-ತಾಯಿಯನ್ನು ನೋಡಿಕೊಳ್ಳುವುದು ಮಗನ ಕೆಲಸ, ಮಗಳು ಕೊಟ್ಟ ಹೆಣ್ಣು ಎನ್ನುವವರು 2007ರ ಪೋಷಕರ ಪಾಲನೆ ಕಾಯ್ದೆಯನ್ನು ಓದಿ. ಅಲ್ಲಿ ಮಕ್ಕಳು ಎಂದರೆ ಮಗಳೂ ಸೇರಿದ್ದಾಳೆ. ನಮ್ಮ ಸೊಸೆಯರಲ್ಲಿ ಒಬ್ಬಳೇ ಮಗಳಾದವರು ಎಷ್ಟು ಜನ! ಆ ಮನೆಗಳಲ್ಲಿ ಬಿಪಿ ಗುಳಿಗೆ ಮುಗಿದಿದೆಯೋ, ಕಣ್ಣಿಗೆ ಪೊರೆ ಬಂದಿದೆಯೋ, ಬಾತ್‌ರೂಮಿನಲ್ಲಿ ಜಾರಿ ಬಿದ್ದರೋ, ಕಣ್ಣಾರೆ ನೋಡಿ ತಿಳಿಯಲು ಯಾರು ಹೋಗಬೇಕು?

ಕಬ್ಬು ಕಡಿಯಲು ಹೋಗುವ, ಗೋವಾದಲ್ಲಿ ದುಡಿಯುವ ನಮ್ಮ ಜಿಲ್ಲೆಯ ಸಾವಿರಾರು ಮನೆತನಗಳಿಗೆ ಡಿಸೆಂಬರ್ ಎಂದರೆ ದುಡಿಮೆಯ ಹಂಗಾಮು. ಗೋವಾದಲ್ಲಿ ಕ್ರಿಸ್‌ಮಸ್ ಜನರ ಗದ್ದಲ, ಕಬ್ಬಿನ ಸೀಮೆಯಲ್ಲಿ ಫ್ಯಾಕ್ಟರಿಯ ಗದ್ದಲ. ಆ ಹೆಣ್ಣುಮಕ್ಕಳಿಗೆ ಶ್ರಾವಣ ಬಿಟ್ಟರೆ ಬೇರೆ ದಿನವೇ ಇಲ್ಲ. ಅವರ ಅತ್ತೆ-ಮಾವಂದಿರು ಪಂಚಮಿಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಪಂಚಮಿ ಸೊಸೆಯ ತವರಿನದು, ಇದರಲ್ಲಿ ಪಾಳಿಯೂ ಬೇಡ, ಮಾತೂ ಬೇಡ. ನೌಕರಿಯ ತೊಡಕಿನಿಂದ ಪಂಚಮಿಗೆ ಹೋಗಲಾಗದವರಿಗೆ ಡಿಸೆಂಬರ್ ಕೊನೆಯ ವಾರ ಕೊಡಿ. ಆ ವಾರ ಎಳ್ಳ ಅಮಾವಾಸ್ಯೆ ಅಡ್ಡ ಬಂದರೆ, ಒಂದು ಸಲ ನಿಮ್ಮ ಹೊಲ, ಮುಂದಿನ ಸಲ ಅವರ ಮನೆ. ಅವರಿಗೂ ಹೊಲವಿದ್ದರೆ ಅಲ್ಲಿಯೇ ಚರಗ ಚೆಲ್ಲಲಿ, ಭೂತಾಯಿ ಒಬ್ಬಳೇ. ಹೊಸ ಕ್ಯಾಲೆಂಡರ್ ತಂದ ದಿನ ಎರಡೂ ಮನೆಯವರು ಮಾತಾಡಿ ಇದನ್ನು ಬರೆದಿಡಿ. ಗುಳೇದಗುಡ್ಡದ ಆ ಶಿಕ್ಷಕಿಯ ಹಾಗೆ ಕೆಂಪು ಪೆನ್ನಿನಲ್ಲೇ ಬರೆಯಿರಿ. ಮಗನೂ ಜೊತೆಗೆ ಹೋಗಲಿ. ಅಲ್ಲಿ ಗುಳಿಗೆ ತರುವ, ಬಲ್ಬು ಬದಲಿಸುವ, ದವಾಖಾನೆಗೆ ಕರೆದೊಯ್ಯುವ ಕೆಲಸ ಇರುತ್ತದೆ.

ಈ ವರ್ಷ ದಿನಗಳೂ ನಮ್ಮ ಕೈಹಿಡಿದಿವೆ. ಆಗಸ್ಟ್ 15 ಸ್ವಾತಂತ್ರ್ಯ ದಿನ, ಶನಿವಾರ, ಅವತ್ತೇ ರೊಟ್ಟಿ ಹಬ್ಬ. 16 ಭಾನುವಾರ ಚೌತಿ. 17 ಸೋಮವಾರ ಪಂಚಮಿ. ಒಂದೇ ಒಂದು ದಿನದ ರಜೆ ಹಾಕಿದರೆ ಮೂರೂ ದಿನ ತವರಿನಲ್ಲಿ. ಡಿಸೆಂಬರ್ 25 ಶುಕ್ರವಾರ ಬಂದಿದೆ, ಅಲ್ಲಿಯೂ ಮೂರು ದಿನ ಒಟ್ಟಿಗೆ. ಎಳ್ಳ ಅಮಾವಾಸ್ಯೆ ಈ ಸಲ ಜನವರಿ 7ಕ್ಕೆ, ಹಾಗಾಗಿ ಕ್ರಿಸ್‌ಮಸ್ ರಜೆಗೆ ನಮ್ಮ ಹೊಲದ ಅಡ್ಡಿ ಇಲ್ಲ. ರೈಲಿನ ಮುಂಗಡ ಟಿಕೆಟ್ ಈಗ ಅರವತ್ತು ದಿನ ಮೊದಲು ತೆರೆಯುತ್ತದೆ. ಪಂಚಮಿಯ ಗಾಡಿಗಳದು ಆಗಲೇ ತೆರೆದಿದೆ, ಡಿಸೆಂಬರ್ 24ರದು ಅಕ್ಟೋಬರ್ 25ಕ್ಕೆ ತೆರೆಯುತ್ತದೆ. ಕೊನೆಯ ವಾರದವರೆಗೆ ಕಾಯ್ದರೆ ಖಾಸಗಿ ಬಸ್ಸಿನವರು ಕೇಳುವ ದರ ನಿಮಗೆ ಗೊತ್ತೇ ಇದೆ. ಟಿಕೆಟ್ ಸಿಗಲಿಲ್ಲ ಎಂಬ ನೆಪದಲ್ಲಿ ಈ ವರ್ಷದ ಪಂಚಮಿಯೂ ಕೈತಪ್ಪುವುದು ಬೇಡ.

ನನ್ನ ಸೊಸೆಗೆ ಆಗಸ್ಟ್ 14ರ ಗಾಡಿಗೆ ಬಾಗಲಕೋಟೆಯವರೆಗೆ ಟಿಕೆಟ್ ಆಗಿದೆ. ಮಗ, ಮೊಮ್ಮಗಳೂ ಜೊತೆಗಿದ್ದಾರೆ. ಬೀಗರಿಗೆ ಈ ಸುದ್ದಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಪುನರ್ವಸತಿ ಕೇಂದ್ರದಲ್ಲಿ ಹಚ್ಚಿದ ಬೇವಿನ ಗಿಡ ಈಗ ಜೋಕಾಲಿ ತಾಳುವಷ್ಟು ಬೆಳೆದಿದೆ ಎಂದರು.

ನಿಮ್ಮ ಬೀಗರಿಗೆ ಇವತ್ತು ರಾತ್ರಿ ಊಟವಾದ ಮೇಲೆ ಫೋನ್ ಮಾಡಿ. ಅವರು ಕೇಳುವ ಮೊದಲು ನೀವೇ ಹೇಳಿ: ಪಂಚಮಿಗೆ ಹುಡುಗಿಯನ್ನು ಕಳಿಸುತ್ತಿದ್ದೇವೆ, ಉಂಡಿ ಕಟ್ಟಿಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕಿ,
ಸಾರವಾಡ, ತಾಲ್ಲೂಕು ಬಬಲೇಶ್ವರ, ಜಿಲ್ಲೆ ವಿಜಯಪುರ